ಬೆಳಗಾವಿಯಲ್ಲಿ ಉಳಿದ ಹೋತ

ಹೋತ ಪೂರ್ತಿ ಸತ್ತಿದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ನಮ್ಮ ಅತ್ತೆ ನನ್ನನ್ನು ಬೆಳಗಾವಿಗೆ ಕಳಿಸಿದ್ದರು. ನಿಮ್ಮವ್ವ ಇದನ್ನು ಎರಡು ಮಾತಿನಲ್ಲಿ ಹೇಳಿ ನಗುತ್ತಾಳೆ, ನೀವೂ ನಗುತ್ತೀರಿ. ಆ ದಿನ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿದಾಗ ನನಗೆ ನಗು ಬಂದಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತದೆ, ಅಷ್ಟರಲ್ಲಿ ನೀವು ಮೊಬೈಲು ಕೈಗೆತ್ತಿಕೊಂಡಿರುತ್ತೀರಿ. ಅದಕ್ಕೇ ಬರೆದಿಡುತ್ತಿದ್ದೇನೆ.

ಅತ್ತೆ ಎಂದರೆ ನಿಮ್ಮಜ್ಜನ ತಾಯಿ, ನಿಮ್ಮವ್ವ ಅವರನ್ನು ಆಯಿ ಎಂದು ಕರೆಯುತ್ತಿದ್ದಳು. ನೀವು ಅವರನ್ನು ನೋಡಿಲ್ಲ. ಯಡೂರಿನ ಆಚೆ, ಹೊಳೆಯಿಂದ ಸ್ವಲ್ಪ ಮೇಲಿರುವ ನಮ್ಮ ಮನೆಯಲ್ಲಿ ಅವರು ಹೇಳಿದ್ದೇ ನಡೆಯುತ್ತಿತ್ತು. ಜೋರು ಮಾಡುವವರಲ್ಲ. ಸುಮ್ಮನಾಗಿಬಿಡುತ್ತಿದ್ದರು, ಅದಕ್ಕೇ ಎಲ್ಲರೂ ಹೆದರುತ್ತಿದ್ದೆವು.

ಬಹಳ ಹಿಂದೆ ನಿಮ್ಮಜ್ಜನಿಗೆ ಕಣ್ಣು ಹಳದಿಯಾಗಿ ಕಾಮಣಿ ಆದಾಗ ಅತ್ತೆ ನಮ್ಮ ಹೊಲದ ದುರಗವ್ವನಿಗೆ ಒಂದು ಹೋತ ಕೊಡುತ್ತೇನೆಂದು ಹರಕೆ ಹೊತ್ತಿದ್ದರು. ಅವರು ಹುಷಾರಾದರು. ಆ ವರ್ಷ ಕಬ್ಬು ಕಡಿಸುವ ಗಡಿಬಿಡಿ, ಮರುವರ್ಷ ಭಾವಕಿಯ ದಾಯಾದಿಗಳಲ್ಲಿ ಸೂತಕ, ಹೀಗೆ ಹರಕೆ ಮುಂದಕ್ಕೆ ಹೋಯಿತು. ತೀರಿಸುವ ಮೊದಲೇ ನಿಮ್ಮಜ್ಜ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಅದಕ್ಕೂ ಹರಕೆಗೂ ಸಂಬಂಧವಿದೆ ಎಂದು ಅತ್ತೆ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ನಿಮ್ಮವ್ವ ದನದ ಡಾಕ್ಟರಿಕೆ ಓದುತ್ತಿದ್ದಾಗ ರಜೆಗೆ ಬಂದವಳಿಗೆ ಡೆಂಗಿ ಹಿಡಿಯಿತು. ನಿಪ್ಪಾಣಿಯ ದವಾಖಾನೆಯಲ್ಲಿ ಮಲಗಿಸಿದೆವು. ಮೈಮೇಲೆ ಕೆಂಪು ಚುಕ್ಕಿ, ವಸಡಿನಲ್ಲಿ ರಕ್ತ. ಅತ್ತೆ ದವಾಖಾನೆಯ ಮೆಟ್ಟಿಲ ಮೇಲೆ ಊರಿನ ದಿಕ್ಕಿಗೆ ಮುಖ ಮಾಡಿ ನಿಂತು, "ಇಕಿ ಎದ್ದು, ಕಲತು ಮುಗಿಸಿ ಮನಿಗಿ ಬರ್ಲಿ. ಇಕಿ ಜೀವಕ್ಕ ಬದಲಿ ಊನಿಲ್ಲದ ಕರೀ ಹೋತ ನಿನಗ" ಎಂದರು. ನಾನು ಪಕ್ಕದಲ್ಲಿದ್ದೆ. ಹಾಗೆ ಬದಲಿ ಎಂದು ಮಾತು ಕೊಟ್ಟಿದ್ದನ್ನು ಕೇಳಿ ನನಗೆ ಧೈರ್ಯವೂ ಬಂತು, ಹೆದರಿಕೆಯೂ ಆಯಿತು.

ಮುಂದಿನ ವರ್ಷ ನಮ್ಮ ಆಡು ಈದ ಒಂದು ಕರಿ ಮರಿಯನ್ನು ಅತ್ತೆ ಆ ಹರಕೆಗೆ ಬಿಟ್ಟರು. ಊನಿಲ್ಲದ್ದು ಎಂದರೆ ಕೋಡು ಮುರಿದಿರಬಾರದು, ಕಿವಿಗೆ ತೂತು ಬಿದ್ದಿರಬಾರದು, ದೇವಿಗಿಂತ ಮೊದಲು ಯಾರೂ ಅದರ ರಕ್ತ ನೋಡಬಾರದು. ಸೂಜಿಯೂ ತಾಗಬಾರದು. ನಿಮ್ಮವ್ವನ ಡಿಗ್ರಿ ಮುಗಿಯಿತು, ಹೋತ ಹಾಗೇ ಉಳಿಯಿತು. ಅವಳು ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಮುಂದೆ ಓದಲು ಸೇರಿದ್ದಳು. "ಕಲತು ಮುಗಿಸಿ ಅಂತ ಬೇಡ್ಕೊಂಡೀನಿ. ಇಕಿ ಮುಗಸವಲ್ಲಳು, ನಾ ಏನ ಮಾಡ್ಲಿ?" ಎಂದು ಅತ್ತೆ ಹೊಲಕ್ಕೆ ಹೋದಾಗಲೆಲ್ಲ ದೇವಿಯ ಕಲ್ಲಿಗೆ ಸಮಜಾಯಿಷಿ ಹೇಳಿಬರುತ್ತಿದ್ದರು.

ಎರಡು ಸಾವಿರದ ಹತ್ತು ದಾಟಿದ ಮೇಲೆ ಒಂದು ವರ್ಷ ನಮ್ಮ ಕಡೆ ಆಡುಗಳಿಗೆ ಹಿರೇಬ್ಯಾನಿ ಬಂತು. ಮೂಗು, ಕಣ್ಣು ಸುರಿಯುವುದು, ಬಾಯಿ ಹುಣ್ಣಾಗುವುದು, ಆಮೇಲೆ ಭೇದಿ. ಏಕಸಂಬಿ ಕಡೆಯಿಂದ ಶುರುವಾಗಿ ನಮ್ಮ ಓಣಿಗೆ ಬರುವಷ್ಟರಲ್ಲಿ ಮರಿಗಳೆಲ್ಲ ಹೋಗಿದ್ದವು. ಉಳಿದವಕ್ಕೆ ಲಸಿಕೆ ಹಾಕುವವರು ಬಂದರು. ನನ್ನ ಮೈದುನ ಒಂದೊಂದನ್ನೇ ಹಿಡಿದುಕೊಟ್ಟ. ಕರಿ ಹೋತವನ್ನು ಮಾತ್ರ ಅತ್ತೆ ಅಡುಗೆಮನೆಯೊಳಗೆ ಕಟ್ಟಿ ಬಾಗಿಲು ಹಾಕಿದರು. ವಾರದೊಳಗೆ ಅದಕ್ಕೂ ಬ್ಯಾನಿ ಬಂತು. ಬಾಯಿ ತೆರೆಯಲಾರದೆ ಬಿದ್ದಿತ್ತು. ಅತ್ತೆ ಗಂಜಿ ಸೋಸಿ ಬೆರಳಿನಿಂದ ನೆಕ್ಕಿಸುತ್ತಿದ್ದರು. ನಾನು ಒಳಗೆ ಹೊರಗೆ ಓಡಾಡುತ್ತಿದ್ದೆ, ಬೆಳಗಾವಿಗೆ ಫೋನು ಹಚ್ಚಿ ಮಗಳ ದನಿ ಕೇಳಿ ಇಡುತ್ತಿದ್ದೆ. ಆಡಿನ ಬ್ಯಾನಿ ಮನುಷ್ಯರಿಗೆ ಬರುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ಮತ್ತೆ ಹಚ್ಚುತ್ತಿದ್ದೆ.

ಹೋತ ಎದ್ದಿತು. ಮೊದಲು ನೀರು ಕುಡಿಯಿತು, ಆಮೇಲೆ ತೊಗರಿ ಹೊಟ್ಟಿಗೆ ಬಾಯಿ ಹಾಕಿತು. ಅತ್ತೆಗೆ ಅದು ಎಚ್ಚರಿಕೆಯಂತೆ ಕಂಡಿತು. "ಇನ್ನ ತಡಾ ಮಾಡೂದಿಲ್ಲ. ದೀಪಾವಳಿ ಆದ ಮ್ಯಾಲಿನ ಮಂಗಳವಾರ ಮುಗಿಸಿಬಿಡೂನು" ಎಂದರು.

ಈ ಸುದ್ದಿ ತಿಳಿದ ನಿಮ್ಮವ್ವ ಮರುದಿನವೇ ಒಂದು ಪೆಟ್ಟಿಗೆ ಹಿಡಿದು ಮನೆಗೆ ಬಂದಳು. ಹೋತ ನೋಡಲು ಬಂದವಳು ನಮ್ಮನ್ನು ಮಾತಾಡಿಸಿದ್ದು ಆಮೇಲೆ.

ಅವಳ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು, ತಪ್ಪಿದ್ದರೆ ನಿಮ್ಮವ್ವ ತಿದ್ದಲಿ. ರಕ್ತದಲ್ಲಿ ಬಿಳಿ ಕಣಗಳಿರುತ್ತವೆ. ವೈರಸ್ಸು ಮೈಯೊಳಗೆ ಬಂದಾಗ ಅವು ಅದರ ಗುರುತು ಹಿಡಿದಿಟ್ಟುಕೊಳ್ಳುತ್ತವೆ. ಆಡಿನ ರಕ್ತದಿಂದ ಆ ಕಣಗಳನ್ನು ಬೇರ್ಪಡಿಸಿ, ಸಣ್ಣ ಸಣ್ಣ ಗುಂಡಿಗಳಿರುವ ತಟ್ಟೆಯಲ್ಲಿಟ್ಟು, ಸಾಯಿಸಿದ ಹಿರೇಬ್ಯಾನಿ ವೈರಸ್ಸನ್ನು ಅವುಗಳ ಜೊತೆ ಬಿಡುವುದು, ಅವು ಏನು ಮಾಡುತ್ತವೆ ಎಂದು ನೋಡುವುದು. ಲಸಿಕೆಯಿಂದ ಕಲಿತ ಕಣ ಮಾಡುವುದಕ್ಕೂ, ಬ್ಯಾನಿಯಿಂದಲೇ ಕಲಿತ ಕಣ ಮಾಡುವುದಕ್ಕೂ ಏನು ಫರಕು ಎನ್ನುವುದು ಅವಳ ಪ್ರಶ್ನೆ. ಲಸಿಕೆಯಾದ ಆಡುಗಳು ಬೇಕಾದಷ್ಟಿದ್ದವು. ಬ್ಯಾನಿ ಬಿದ್ದು ತಾನೇ ಎದ್ದ, ಸೂಜಿ ಕಾಣದ ಆಡು ಮಾತ್ರ ಸಿಕ್ಕಿರಲಿಲ್ಲ. ರಾಯಬಾಗ, ಅಥಣಿ, ಕಾಗವಾಡ ಎಲ್ಲ ಸುತ್ತಿದ್ದಳು. ಬ್ಯಾನಿ ಬಂದಲ್ಲೆಲ್ಲ ಹಿಂದೆಯೇ ಲಸಿಕೆಯವರೂ ಹೋಗಿದ್ದರು. ಈ ಚಳಿಗಾಲದೊಳಗೆ ಸಿಗದಿದ್ದರೆ ಆ ಅರ್ಧ ಕೆಲಸ ಬಿಟ್ಟುಬಿಡು ಎಂದು ಅವಳ ಮೇಡಂ ಹೇಳಿದ್ದರಂತೆ. ಎರಡು ವರ್ಷ ಅದರ ಮೇಲೇ ಕೂತಿದ್ದಳು.

ಅತ್ತೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗಳು ಅವರ ಕಾಲ ಬಳಿ ಕೂತಳು.

"ಆಯಿ, ಬಾಳ ಬ್ಯಾಡ, ಸ್ವಲ್ಪ ರಕ್ತ. ಕುತ್ತಗಿ ನರದಾಗಿಂದ ತಕ್ಕೊಂತೀನಿ. ಅದಕ್ಕ ಗೊತ್ತ ಆಗೂದಿಲ್ಲ."

"ಅದಕ್ಕ ಗೊತ್ತಾಗೂದಿಲ್ಲ ಖರೆ. ಅಕಿಗೆ ಗೊತ್ತಾಗೂದಿಲ್ಲೇನು?"

"ಯಾರಿಗೆ?"

"ಇಷ್ಟ ಕಲತಿ, ಶಾಣ್ಯಾ ಆಗಲಿಲ್ಲ ನೋಡ ನೀ." ಅತ್ತೆ ಹೊಲದ ಕಡೆ ಗದ್ದ ಎತ್ತಿ ತೋರಿಸಿದರು. "ಅದ ಯಾರ ಜೀವಕ್ಕ ಬದಲಿ ಬಿಟ್ಟದ್ದು? ನಿನ್ನ ಜೀವಕ್ಕ. ಅದಕ್ಕ ಚುಚ್ಚಿದ್ರ ಯಾರಿಗೆ ಚುಚ್ಚಿದಂಗಾತು?"

"ನನಗ ನಿಪ್ಪಾಣ್ಯಾಗ ದಿನಾ ಚುಚ್ಚ್ಯಾರ ಆಯಿ. ಏನಾತು? ಆರಾಮ ಆದೆ."

ಅತ್ತೆಗೆ ನಗು ಬಂತು, ತಡೆದುಕೊಂಡರು. ನನ್ನ ಮೈದುನ ಹಗ್ಗ ಹೊಸೆಯುತ್ತ ಕೂತಿದ್ದವನು, "ಯವ್ವಾ, ದೇವಿನ್ನ ಕೇಳಿಬಿಡು. ನೀರ ಹಾಕೂನು. ಝಾಡಿಸಿತಂದ್ರ ಅಕಿ ಒಪ್ಪಿದಂಗ" ಎಂದ.

ನಮ್ಮಲ್ಲಿ ಹೋತ ಕೊಡುವ ಮೊದಲು ಅದರ ಬೆನ್ನ ಮೇಲೆ ನೀರು ಸುರಿದು ಕಾಯುತ್ತಾರೆ. ಅದು ಮೈ ಝಾಡಿಸಿದರೆ ದೇವಿ ಒಪ್ಪಿದಳು ಎಂದರ್ಥ. ಝಾಡಿಸುವವರೆಗೆ ಯಾರೂ ಕೈ ಮುಟ್ಟಿಸುವುದಿಲ್ಲ. ಅತ್ತೆ ಅವರೆಕಾಯಿ ಬದಿಗಿಟ್ಟು ಎದ್ದರು.

ಹೋತವನ್ನು ಹೊಲಕ್ಕೆ ಹೊಡೆದುಕೊಂಡು ಹೋಗಿ ದೇವಿಯ ಕಲ್ಲಿನ ಮುಂದೆ ನಿಲ್ಲಿಸಿದೆವು. ಅತ್ತೆ ತಂಬಿಗೆಯಿಂದ ನೀರು ಹಾಕಿದರು. ಹೋತ ಸುಮ್ಮನೆ ನಿಂತಿತು. ಬೆನ್ನಿನಿಂದ ನೀರಿಳಿದು ಹೊಟ್ಟೆಯ ಕೂದಲಿನಿಂದ ತೊಟ್ಟಿಕ್ಕುತ್ತಿತ್ತು. ಮತ್ತೆ ಹಾಕಿದರು. ಅದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ಬದುವಿನ ಕರಿಕೆಗೆ ಬಾಯಿ ಹಾಕಿತು. ಮಗಳು ಪೆಟ್ಟಿಗೆ ಹಿಡಿದು ಕಾಲು ಬದಲಿಸುತ್ತ ನಿಂತಿದ್ದಳು. ಸಂಜೆಯೊಳಗೆ ಬೆಳಗಾವಿ ಮುಟ್ಟದಿದ್ದರೆ ತೆಗೆದ ರಕ್ತ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದ್ದಳು. ಬಿಸಿಲು ಇಳಿಯುತ್ತಿತ್ತು.

ಮೈದುನ ಕಣ್ಣು ಹೊಡೆದು, "ಕಿವ್ಯಾಗ ಒಂದ್ ಹನಿ ಬಿಡ್ಲೇನು? ಯಾವ ಹೋತಾದ್ರೂ ಝಾಡಸತೈತಿ" ಎಂದ.

"ಅದು ಅಕಿ ಒಪ್ಪಿದ್ದಲ್ಲಪಾ, ನೀ ಒಪ್ಪಿಸಿದ್ದು" ಎಂದರು ಅತ್ತೆ.

"ಬ್ಯಾಡ ಕಾಕಾ," ನಿಮ್ಮವ್ವನೂ ಹೇಳಿದಳು, "ನಮ್ಮ ಲ್ಯಾಬಿನ್ಯಾಗೂ ಹಂಗ ಮಾಡಿದ್ರ ಕಳ್ಳತನ ಅಂತಾರ."

ಹೋತ ಝಾಡಿಸಲಿಲ್ಲ. ಬಿಸಿಲಿಗೆ ಅದರ ಮೈ ಒಣಗಿಹೋಯಿತು. ಮಗಳು ಖಾಲಿ ಪೆಟ್ಟಿಗೆ ಹಿಡಿದು ಮೈದುನನ ಗಾಡಿ ಹತ್ತಿದಳು. ಮುಖ ತೋರಿಸಲಿಲ್ಲ. ನಾನು ರಸ್ತೆಯವರೆಗೆ ಹಿಂದೆ ಹೋಗಿ ಬುತ್ತಿಯ ಗಂಟನ್ನು ಅವಳ ಮಡಿಲಿಗೆ ಹಾಕಿ ಬಂದೆ.

ಅದಾದ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅತ್ತೆ ಹೋತಕ್ಕೆ ಮೇವು ಹಾಕುವಾಗ ಅದರ ಜೊತೆ ಗೊಣಗುತ್ತಿದ್ದರು. ಮೊಮ್ಮಗಳ ಜೀವ ಉಳಿಸಲು ಬಿಟ್ಟ ಹೋತ ಮೊಮ್ಮಗಳ ಕೆಲಸ ಕೆಡಿಸುತ್ತಿದೆಯಲ್ಲ ಎನ್ನುವುದು ಅವರಿಗೂ ಚುಚ್ಚುತ್ತಿತ್ತು. ದೀಪಾವಳಿಯ ಉಂಡಿ ಕಟ್ಟುತ್ತಿದ್ದಾಗ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

"ಅಕಿಗೆ ಫೋನ್ ಹಚ್ಚು."

"ಏನಂತ ಹೇಳ್ಲೆರಿ ಅತ್ತಿ?"

"ಮಂಗಳವಾರ ಆ ಡಬ್ಬಿ ತಗೊಂಡು ಬಾ ಅನ್ನು. ಮೊದಲಿನ ರಕ್ತ ದೇವಿದು, ಕಲ್ಲಿಗೆ ಮುಟ್ಟತೈತಿ. ಅದರ ಮ್ಯಾಲಿಂದು ಪ್ರಸಾದ. ಪ್ರಸಾದ ಬೇಡಿದವ್ರಿಗೆ ಇಲ್ಲ ಅನ್ನಬಾರದು."

ಫೋನಿನಲ್ಲಿ ಮಗಳು ಅದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಅವ್ವಾ, ಕಸಾಯಿಖಾನ್ಯಾಗ ನಾವು ಹಂಗ ತಗೋತೀವಿ. ನನಗ ಯಾಕ ಹೊಳೀಲಿಲ್ಲ?" ಎಂದಳು. ಕುತ್ತಿಗೆಯನ್ನು ತೊಳೆದು ಕೂದಲು ಬೋಳಿಸಿ ಇಡಿ ಎಂದು ಮಾತ್ರ ಕೇಳಿಕೊಂಡಳು. ತೊಳೆದೆವು. ಬೋಳಿಸಲು ಅತ್ತೆ ಒಪ್ಪಲಿಲ್ಲ, ಅದೂ ಊನವಂತೆ.

ಮಂಗಳವಾರ ನೀರು ಬೀಳುತ್ತಲೇ ಹೋತ ಕೋಡಿನಿಂದ ಬಾಲದವರೆಗೆ ಝಾಡಿಸಿತು. ಎಲ್ಲರ ಮುಖಕ್ಕೂ ಹನಿ ಸಿಡಿಯಿತು. ಅತ್ತೆ ಅದರ ಹಣೆಗೆ, ಕುತ್ತಿಗೆಗೆ ಭಂಡಾರ ಹಚ್ಚಿದರು. ನಿಮ್ಮವ್ವ, "ಆಯಿ, ಕುತ್ತಗಿಗೆ ಬ್ಯಾಡ..." ಎನ್ನುವಷ್ಟರಲ್ಲಿ ಅರಿಸಿನದ ಪುಡಿ ಕೂದಲೊಳಗೆ ಇಳಿದಿತ್ತು. ಮುಂದಿನದನ್ನು ನಾನು ನೋಡಲಿಲ್ಲ, ಕಲ್ಲಿನ ಹಿಂದಿನ ಬನ್ನಿಗಿಡವನ್ನು ನೋಡುತ್ತ ನಿಂತೆ. ತಿರುಗಿದಾಗ ಮಗಳು ಮಣ್ಣಿನಲ್ಲಿ ಮೊಣಕಾಲೂರಿ ಒಂದಾದ ಮೇಲೊಂದು ನಳಿಗೆಗೆ ರಕ್ತ ಹಿಡಿಯುತ್ತಿದ್ದಳು. ಹೆಪ್ಪುಗಟ್ಟದಂತೆ ಅದರಲ್ಲಿ ಮೊದಲೇ ಔಷಧಿ ಇತ್ತು. ಪ್ರತಿ ನಳಿಗೆಯನ್ನೂ ಕೂಸಿನ ತೊಟ್ಟಿಲು ತೂಗುವಷ್ಟು ಮೆಲ್ಲಗೆ ಆಚೆ ಈಚೆ ಹೊರಳಿಸುತ್ತಿದ್ದಳು.

ಮೈದುನ ಐಸು ತರಲು ಗಾಡಿ ಹತ್ತಿದ. "ಪೋಲಿಯೋ ಹನಿ ಐಸ್‌ನ್ಯಾಗ ತರ್ತಾರಲ್ಲ?"

"ಇದಕ್ಕ ಥಂಡಿ ಆಗಬಾರದ ಕಾಕಾ. ಜೀವಂತ ಹೋಗಬೇಕು."

ಆ ಮಾತು ಆಗ ಯಾರ ಕಿವಿಗೂ ಬೀಳಲಿಲ್ಲ. ಎಡೆ ಹಿಡಿಯುವ ಗದ್ದಲ. ಅವಳು ಊಟಕ್ಕೂ ನಿಲ್ಲದೆ ಹೋದಳು.

ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಒಲೆಯ ಮುಂದೆ ಕೂತಿದ್ದರು. ಫೋನು ಬಂತು. ಕೈಗೆ ಹಿಟ್ಟು ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟೆ.

"ಅವ್ವಾ, ಜೀವಂತ ಅದಾವ! ಹೆಚ್ಚೂಕಡಿಮಿ ಎಲ್ಲಾ ಜೀವಂತ ಅದಾವ!"

ಮಗಳು ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ಬಹಳ ದಿನಗಳಿಂದ ಕೇಳಿರಲಿಲ್ಲ. ರಕ್ತವನ್ನು ಮಷೀನಿನಲ್ಲಿ ತಿರುಗಿಸಿದಾಗ ಕೆಂಪೆಲ್ಲ ಕೆಳಗಿಳಿದು, ನಡುವೆ ಹಾಲಿನ ಕೆನೆಗಿಂತ ತೆಳ್ಳಗೆ ಬಿಳಿ ಪದರ ನಿಂತಿತಂತೆ. ಅದನ್ನು ಹೀರಿ ತಟ್ಟೆಗೆ ಹಾಕಿ, ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳಂತೆ. ಇನ್ನು ಕೆಲವು ದಿನ ಕಾಯಬೇಕಂತೆ. ಫೋನು ಇಟ್ಟಳು.

"ಯಾವು ಜೀವಂತ ಅದಾವಂತ?" ಅತ್ತೆ ಕೇಳಿದರು.

"ಹೋತಿನ ರಕ್ತದಾಗಿನ ಬಿಳೀ ಕಣ ಅಂತ್ರಿ."

"ಹೋತ ಹೋದ ಮ್ಯಾಲ?"

"ಹೂಂರಿ."

ಅತ್ತೆ ಮುಂದಿದ್ದ ತಾಟನ್ನು ಬದಿಗೆ ಸರಿಸಿದರು. "ಹಂಗಾದ್ರ ಹರಕಿ ಮುಟ್ಟಿಲ್ಲ. ಅರ್ಧಾ ಕೊಟ್ಟು ಅರ್ಧಾ ಇಟ್ಕೊಂಡಂಗಾತು."

ನಾನು ಏನೇನೋ ಹೇಳಿದೆ. ಅದು ಹೋತ ಅಲ್ಲ, ಕಣ್ಣಿಗೆ ಕಾಣದ ಕಣ, ಅದಕ್ಕೆ ಕೋಡಿಲ್ಲ ಕಾಲಿಲ್ಲ ಎಂದೆ. "ಜೀವ ಐತೋ ಇಲ್ಲೋ? ಅದಷ್ಟ ಹೇಳು" ಎಂದರು. ಒಮ್ಮೆ ತಡಮಾಡಿ ಮಗನನ್ನು ಕಳೆದುಕೊಂಡೆ ಎಂದು ನಂಬಿದವರ ಎದುರು ಏನು ಹೇಳುವುದು? ಅವರು ಹರಕೆಯ ಅಡುಗೆಯನ್ನು ಮುಟ್ಟಲಿಲ್ಲ. ಮರುದಿನವೂ ಚಹಾದ ಮೇಲೇ ಇದ್ದರು. ಕಟ್ಟೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಕಟ್ಟೆಗೆ. ನನಗೆ ಒಬ್ಬಳೇ ಇದ್ದಾಗ ಅದೆಲ್ಲ ಸುಳ್ಳು ಎನಿಸುತ್ತಿತ್ತು, ಅತ್ತೆಯ ಮುಖ ನೋಡಿದಾಗ ಖರೆ ಎನಿಸುತ್ತಿತ್ತು. ಕೊನೆಗೆ ಅವರೇ ಹೇಳಿದರು. "ನೀ ಹೋಗಿ ಕಣ್ಣಾರೆ ನೋಡಿ ಬಾ. ಅಲ್ಲೀತನಾ ಸತ್ತಿರಬಹುದು."

ಹಾಗೆ ನಾನು ಒಬ್ಬಳೇ ಬೆಳಗಾವಿಗೆ ಹೋದೆ. ಬಸ್ಸಿನಲ್ಲಿ ಪಕ್ಕದವಳು ಎಲ್ಲಿಗೆ, ಯಾಕೆ ಎಂದು ಮರಾಠಿಯಲ್ಲಿ ಕೇಳಿದಳು. ಮಗಳನ್ನು ನೋಡಲು ಎಂದೆ. ಮತ್ತೇನು ಹೇಳಲಿ?

ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಸೀರೆಯ ಮೇಲೆ ಬಿಳಿ ಕೋಟು ತೊಡಿಸಿದರು. ತೋಳು ಉದ್ದವಾಗಿ ನನ್ನ ಬೆರಳೇ ಕಾಣುತ್ತಿರಲಿಲ್ಲ. ಮಗಳ ಕಣ್ಣು ಬಾತಿದ್ದವು. ಪೆಟ್ಟಿಗೆ ತೆರೆದು ಅಂಗೈಯಷ್ಟು ದೊಡ್ಡ ತಟ್ಟೆ ತಂದಳು. ಅಳಿಗುಳಿ ಮಣೆಯಂತೆ ಸಾಲು ಸಾಲು ಗುಂಡಿ, ಒಂದೊಂದರಲ್ಲಿ ಗುಲಾಬಿ ಬಣ್ಣದ ನೀರು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡು ಎಂದಳು. ನನಗೆ ಮೊದಲು ಕಂಡದ್ದು ನನ್ನದೇ ರೆಪ್ಪೆ. ಅವಳು ನನ್ನ ತಲೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಗಾಲಿ ತಿರುಗಿಸಿದಳು.

ಆಗ ಕಂಡವು. ಅಂಗಳದಲ್ಲಿ ನವಣೆ ಚೆಲ್ಲಿದಂತೆ ದುಂಡನೆಯ ಹೊಳೆಯುವ ಕಾಳುಗಳು, ಒಂದಕ್ಕೊಂದು ಸಂಬಂಧವಿಲ್ಲದೆ ದೂರ ದೂರ ಬಿದ್ದಿದ್ದವು.

"ಇದರಾಗ ವೈರಸ್ ಹಾಕಿಲ್ಲ," ಎಂದಳು. ತಟ್ಟೆ ಸರಿಸಿದಳು. "ಇದರಾಗ ಹಾಕೀನಿ."

ಇಲ್ಲಿ ಕಾಳುಗಳು ಚೆಲ್ಲಿರಲಿಲ್ಲ. ಗುಂಪು ಗುಂಪಾಗಿ ಒತ್ತಿಕೊಂಡು, ದ್ರಾಕ್ಷಿ ಗೊಂಚಲಿನಂತೆ ಒಂದರ ಮೇಲೊಂದು ಏರಿದ್ದವು. ಕೆಲವು ಉಳಿದವಕ್ಕಿಂತ ದಪ್ಪಗಾಗಿದ್ದವು. ಗುಂಪಿನ ಅಂಚಿನಲ್ಲಿ ಒಂದು ಕಣ ಉದ್ದಕ್ಕೆ ಎಳೆದುಕೊಂಡು ನಿಂತಿತ್ತು. ಅಲುಗಾಡುತ್ತಿದೆ ಎಂದು ನನಗೆ ಅನಿಸಿತು. ನನ್ನ ಉಸಿರೇ ಅಲುಗಿತೋ ಏನೋ.

"ಗುರ್ತ ಹಿಡದಾವ ಅವ್ವಾ. ಬ್ಯಾನಿ ಬಿದ್ದಾಗ ಕಲತದ್ದು ಮರತಿಲ್ಲ. ಒಂದೊಂದು ಎರಡಾಗಿ, ಎರಡು ನಾಕಾಗಿ ಬೆಳ್ಯಾಕತ್ತಾವ."

ಅಡುಗೆಮನೆಯಲ್ಲಿ ಬಾಯಿ ತೆರೆಯಲಾಗದೆ ಬಿದ್ದಿದ್ದ ಹೋತ ಒಳಗೆ ಇಷ್ಟು ಕೆಲಸ ಮಾಡುತ್ತಿತ್ತೇ ಎಂದುಕೊಂಡೆ. ಸತ್ತಿಲ್ಲ ಎನ್ನುವುದಷ್ಟೇ ಅಲ್ಲ, ಬೆಳೆಯುತ್ತಿವೆ. ಇದನ್ನು ನಾನು ಅತ್ತೆಗೆ ಹೇಗೆ ಹೇಳಲಿ?

ಅವಳು ಇನ್ನೂ ಹಲವು ಗುಂಡಿ ತೋರಿಸಿದಳು. ಅವುಗಳಲ್ಲಿ ಕಾಳೂ ಇಲ್ಲ, ಗೊಂಚಲೂ ಇಲ್ಲ. ಹತ್ತಿಯ ಎಳೆಯಂಥ ಬೂಷ್ಟು ಹಬ್ಬಿತ್ತು. "ಭಂಡಾರದ್ದು ಇರಬೇಕು. ಹೆಚ್ಚಿನಾವು ಕೆಟ್ಟಾವ. ಉಳದ ನಾಕೈದ ಗುಂಡಿ ಮ್ಯಾಲ ಏನೂ ಬರ್ಯಾಕ ಬರೂದಿಲ್ಲ, ಮತ್ತ ಮಾಡು ಅಂತಾರ ಮೇಡಂ" ಎಂದಳು. ಕಣ್ಣು ಬಾತದ್ದು ಅದಕ್ಕೆ.

"ಇವು ಯಾವಾಗ ಸಾಯ್ತಾವ?" ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. ಅತ್ತೆ ಊಟ ಬಿಟ್ಟದ್ದನ್ನು ಹೇಳಿದೆ. ಅವಳಿಗೆ ಸಿಟ್ಟು ಬಂತು, ಅಲ್ಲಿ ದನಿ ಎತ್ತುವಂತಿರಲಿಲ್ಲ, ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಂದು ಎರಡ ವರ್ಷದ ಕೆಲಸ ಅವ್ವಾ. ಸತ್ತು ಅಂತ ಹೇಳಿಬಿಡು. ಆಯಿ ಇಲ್ಲಿಗೆ ಬಂದು ನೋಡ್ತಾರೇನು?"

"ಕೇಳಿದ್ರ ನನ್ನ ಮಾರಿ ನೋಡಿ ಕೇಳ್ತಾರವಾ."

ಅವಳು ತಟ್ಟೆಯನ್ನು ಒಳ್ಳೆಯ ಪಿಂಗಾಣಿ ಎತ್ತಿಡುವಂತೆ ಪೆಟ್ಟಿಗೆಯೊಳಗೆ ಇಟ್ಟು ಬಂದಳು. ತಟ್ಟೆಯಲ್ಲಿರುವವು ವಾರದೊಳಗೆ ಮುಗಿಯುತ್ತವೆ, ಕೊನೆಗೆ ಔಷಧಿ ಸುರಿದು ಚೆಲ್ಲುತ್ತೇವೆ ಎಂದಳು. ನನಗೆ ಸಮಾಧಾನವಾಯಿತು. ಆದರೆ ಅವಳ ಮಾತು ಮುಗಿದಿರಲಿಲ್ಲ.

"ಅರ್ಧಾ ಎತ್ತಿಟ್ಟೀನಿ ಅವ್ವಾ. ಬೂಷ್ಟ ಬಂದ್ರ ಅಂತ ಹೆದರಿ ಆವತ್ತ ಎತ್ತಿಟ್ಟೆ. ಅವು ವರ್ಷಗಟ್ಟಲೆ ಇರ್ತಾವ."

ಮೂಲೆಯಲ್ಲಿ ಒಂದು ಉದ್ದ ಕುತ್ತಿಗೆಯ ಹಂಡೆ. ಮುಚ್ಚಳ ಎತ್ತಿದಾಗ ಬಿಳಿ ಹೊಗೆ ನೆಲಕ್ಕೆ ಇಳಿಯಿತು. ನನಗೆ ಅದು ಹೊಸದಲ್ಲ. ಎಮ್ಮೆ ಬೆದೆಗೆ ಬಂದಾಗ ಡಾಕ್ಟರು ಗಾಡಿಯ ಮೇಲೆ ತರುವ, ಕೋಣದ ಬೀಜದ ಕಡ್ಡಿ ಇಡುವ ಹಂಡೆಯೇ ಅದು. ಅದರೊಳಗೆ ಕಿರುಬೆರಳಿನಷ್ಟು ನಳಿಗೆಗಳಲ್ಲಿ ನಮ್ಮ ಹೋತ ಇತ್ತು. ಬರೀ ಐಸಿಗೆ ಕೆಡುವ ಕಣಗಳು ಔಷಧಿ ಬೆರೆಸಿ ಹೆಪ್ಪುಗಟ್ಟಿಸಿದರೆ ಸಾಯದೆ ಮಲಗುತ್ತವಂತೆ, ಕರಗಿಸಿದರೆ ಮತ್ತೆ ಎಚ್ಚರಾಗುತ್ತವಂತೆ, ಮತ್ತೆ ವೈರಸ್ಸಿನ ಗುರುತು ಹಿಡಿಯುತ್ತವಂತೆ. ಬರುವ ತಿಂಗಳು ಎಲ್ಲ ನಳಿಗೆಗಳನ್ನೂ ತೆಗೆದು, ಈ ಸಲ ಬೂಷ್ಟು ಬಾರದಂತೆ ಔಷಧಿ ಹಾಕಿ, ಪ್ರಯೋಗವನ್ನು ಮತ್ತೆ ಮಾಡುತ್ತೇನೆ ಎಂದಳು.

ವಾಪಸು ಬರುವ ದಾರಿಯಲ್ಲಿ ಚಿಕ್ಕೋಡಿಯವರೆಗೂ ಒಂದು ಸುಳ್ಳನ್ನು ಬಾಯಲ್ಲಿ ಹೊರಳಿಸುತ್ತ ಬಂದೆ. ಅಂಗಳಕ್ಕೆ ಕಾಲಿಟ್ಟಾಗ ಅತ್ತೆ ಎದ್ದು ನಿಂತಿದ್ದರು. ಎರಡೇ ದಿನದ ಉಪವಾಸಕ್ಕೆ ಅವರ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಸುಳ್ಳು ಬಾಯಲ್ಲೇ ಉಳಿಯಿತು. ಇದ್ದದ್ದನ್ನೇ ಹೇಳಿದೆ. ತಟ್ಟೆಯಲ್ಲಿರುವವು ವಾರದಲ್ಲಿ ಸಾಯುತ್ತವೆ, ಉಳಿದವು ದನದ ಡಾಕ್ಟರ ಹಂಡೆಯಲ್ಲಿ ಮಲಗಿವೆ ಎಂದೆ.

"ಕ್ವಾಣದ ಬೀಜಾ ಇಡೂ ಹಂಡ್ಯಾಗ?"

"ಅಂಥಾದರಾಗ ರಿ."

ಅತ್ತೆ ಕಟ್ಟೆಯ ಮೇಲೆ ಕೂತರು. ನಾನು ಕಾಲು ತೊಳೆದು ಬಂದೆ, ಒಲೆ ಹೊತ್ತಿಸಿದೆ, ಮತ್ತೆ ಹೊರಗೆ ಬಂದು ನೋಡಿದೆ. ಹಾಗೇ ಕೂತಿದ್ದರು.

"ಅದರಾಗಿಂದ ನಮ್ಮ ಎಮ್ಮಿಗೆ ಕರಾ ಹುಟ್ಟೈತಿ," ಎಂದರು ಕೊನೆಗೆ. "ಆ ಕ್ವಾಣ ಎಂದೋ ಸತ್ತಿತ್ತಂತ. ಡಾಕ್ಟರ ಹೇಳಿದ್ದ." ನನ್ನ ಕಡೆ ತಿರುಗಿದರು. "ನೋಡವಾ. ಅದು ನಮ್ಮ ಹುಡುಗಿ ಜೀವಕ್ಕ ಬದಲಿ ಬಿಟ್ಟದ್ದು. ದೇವಿ ಪಾಲಿಂದು ಕಲ್ಲಿಗೆ ಮುಟ್ಟೈತಿ, ಝಾಡಿಸಿ ಒಪ್ಪಿಕೊಂಡಾಳ. ಉಳದದ್ದು ಅಕಿನ ಬಿಟ್ಟಾಳ. ಅದು ಅಲ್ಲಿ ಇರೂತನಾ ಹುಡುಗಿನೂ ಇರ್ತಾಳ. ಇರ್ಲಿ ಬಿಡು. ಯಾರೂ ಮುಟ್ಟಬ್ಯಾಡ್ರಿ ಅದನ್ನ."

ಹಾಗೆ ಹೇಳಿ ಒಳಗೆ ಬಂದು ರೊಟ್ಟಿ ಕೇಳಿದರು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ಉಂಡರು. ಅವರು ಉಣ್ಣುವುದನ್ನು ನೋಡುತ್ತ ನಾನು ಹೆಂಚಿನ ಮೇಲಿನ ರೊಟ್ಟಿ ಸುಟ್ಟುಕೊಂಡೆ. ಬರುವ ತಿಂಗಳು ಮಗಳು ಅವನ್ನೆಲ್ಲ ತೆಗೆಯುತ್ತಾಳೆ ಎನ್ನುವುದನ್ನು ನಾನು ಹೇಳಿರಲಿಲ್ಲ. ಅತ್ತೆಯ ತಳಮಳ ಹೋಯಿತು, ಅದು ನನ್ನ ಹತ್ತಿರ ಬಂದು ಕೂತಿತು.

ಒಂದು ವಾರ ತಡೆದೆ. ಬಟ್ಟೆ ಒಗೆಯಲು ಹೊಳೆಗೆ ಹೋದಾಗ, ಯಾರೂ ಇಲ್ಲದ ಕಡೆ ನಿಂತು ಫೋನು ಹಚ್ಚಿದೆ.

"ಆ ಹಂಡ್ಯಾನ ನಳಗಿ ಎಲ್ಲಾ ತೆಗೀಬ್ಯಾಡ. ಒಂದು ಹಂಗ ಬಿಡು."

"ಯಾಕ?"

"ಬಿಡು ಅಷ್ಟ."

"ಅವ್ವಾ, ನನಗ ಇರೂವ ಆರು. ಒಂದೊಂದೂ ಬೇಕು. ಎಷ್ಟ ದಿನಾ ಬಿಡ್ಲಿ?"

ನೀನು ಇರುವಷ್ಟು ದಿನ ಎನ್ನಲು ನನ್ನ ಬಾಯಿ ಬರಲಿಲ್ಲ. ಹೊಳೆಯ ಸದ್ದು ಅವಳಿಗೂ ಕೇಳಿರಬೇಕು.

"ನೀನೂ ನಂಬತಿಯೇನು ಇದನ್ನ?" ಎಂದು ಮೆಲ್ಲಗೆ ಕೇಳಿದಳು.

"ನಂಬೂದಿಲ್ಲ. ಒಂದ್ ಬಿಡು."

ಅವಳು ನಗಲಿಲ್ಲ. "ನೋಡತೀನಿ" ಎಂದು ಇಟ್ಟಳು.

ಆ ಪ್ರಯೋಗ ಎರಡನೆಯ ಸಲ ಸರಿಯಾಗಿ ಆಯಿತು, ಮೇಡಂ ಒಪ್ಪಿದರು, ಅವಳ ಓದು ಮುಗಿಯಿತು, ಮದುವೆಯಾಯಿತು, ನೀವು ಹುಟ್ಟಿದಿರಿ. ಅತ್ತೆ ಅದಕ್ಕೂ ಮೊದಲೇ, ಹಂಡೆಯಲ್ಲಿ ಎಲ್ಲ ನಳಿಗೆಗಳೂ ಇವೆ ಎಂದು ನಂಬಿಕೊಂಡೇ ತೀರಿಹೋದರು. ಆರೂ ತೆಗೆದಳೋ, ಐದು ತೆಗೆದಳೋ, ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಈಗಲೂ ನಿಮ್ಮವ್ವನಿಗೆ ಸ್ವಲ್ಪ ಜ್ವರ ಬಂದಿದೆ ಎಂದು ನೀವು ಹೇಳಿದರೆ ಸಾಕು, ಇವತ್ತು ಕೇಳಿಯೇಬಿಡೋಣವೆಂದು ಫೋನು ಹಚ್ಚುತ್ತೇನೆ. ಅವಳು ಎತ್ತುತ್ತಾಳೆ. ಏನು ಉಂಡೆ ಎಂದು ಕೇಳಿ ಇಟ್ಟುಬಿಡುತ್ತೇನೆ.